ಹಾಡು ನಿಂತ ಮೇಲೆ ಕೇಳಿಸಿದ ಬಳೆ

ತುಟಿಯವರೆಗೆ ಬಂದು ಹಿಂದಕ್ಕೆ ಹೋದ ಮಾತನ್ನೂ ಕೇಳಿಸಿಕೊಳ್ಳುವ ಭಗವಂತನಿಗೆ ಮೊದಲು ಕೈಮುಗಿದು, ಗುರುಗಳ ಬಾಯಿಂದ ಬಂದ ಈ ಕತೆಯನ್ನು ಹೇಳುತ್ತೇನೆ. ತಪ್ಪಿದ್ದರೆ ಅದು ನನ್ನ ನಾಲಿಗೆಯದು. ಒಳಿತಿದ್ದರೆ ಅದು ಅವನ ಕೃಪೆ.

ಕೊಟ್ರಪ್ಪನೆಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ: "ಗುರುಗಳೇ, ನಮ್ಮ ಭಾವ ಹಾಡು ಕೇಳುವ ಸ್ಪೀಕರಿಗೆ ಹೆಬ್ಬೆರಳು ಗಾತ್ರದ ಹೊಸ ವೈರು ಹಾಕಿಸಿದ್ದಾರೆ. ಅದರಿಂದ ದನಿಗೆ ಜೀವ ಬಂತಂತೆ. ನನಗೇನೋ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಆದರೂ 'ಹೇಗಿದೆ?' ಎಂದಾಗ 'ಆಹಾ' ಅಂದುಬಿಟ್ಟೆ. ಅವರ ಮುಖ ಅರಳಿತು. ಒಬ್ಬರಿಗೆ ಸಂತೋಷ ಕೊಡುವ ಸುಳ್ಳು ನಂಬಿಕೆಗೆ ಹೂಂಗುಟ್ಟುವುದರಲ್ಲಿ ದೋಷವುಂಟೇ?"

ಅದಕ್ಕೆ ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹಿತ್ತಾಳೆಯ ಕೊಡವನ್ನು ಬೆರಳಿನಿಂದ ಒಮ್ಮೆ ತಟ್ಟಿ, ಕಣ್ಣಿಗೆ ಕಾಣದ ಬಿರುಕು ಎಲ್ಲಿದೆಯೆಂದು ಹೇಳಿಬಿಡುತ್ತಿದ್ದ. ಅವನ ಕಿವಿಯ ಮೇಲೆ ಊರಿಗೆಲ್ಲ ನಂಬಿಕೆ. ಅವನಿಗೂ ನಂಬಿಕೆ.

ಅವನಿಗೆ ಒಬ್ಬನೇ ಮಗ. ಚೆನ್ನಾಗಿ ಹಾಡುತ್ತಿದ್ದ. ಒಂದು ಬೆಳಿಗ್ಗೆ ಮನೆಯಲ್ಲಿ ಒಬ್ಬನೇ ಕುಳಿತು, ತನ್ನ ಹಾಡನ್ನು ತಾನೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾಗ ಎದೆಬಡಿತ ನಿಂತುಹೋಯಿತು. ತಂದೆ ಅಂಗಡಿಯಲ್ಲಿದ್ದ. ಮಗನ ಹೆಂಡತಿ ತಮ್ಮ ಮಗಳನ್ನು ಶಾಲೆಗೆ ಬಿಡಲು ಹೋಗಿದ್ದಳು. ಅವಳು ಮರಳಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟೇಪು ಮಾತ್ರ ಇನ್ನೂ ತಿರುಗುತ್ತಿತ್ತು.

ವ್ಯಾಪಾರಿ ಊಟ ಬಿಟ್ಟ, ಅಂಗಡಿ ಬಿಟ್ಟ. ಆ ಟೇಪನ್ನು ಹಾಕಿಕೊಂಡು ಕೂತುಬಿಟ್ಟ.

ಅವನಿಗೊಬ್ಬರು ಗೆಳೆಯರಿದ್ದರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ಒಳ್ಳೆಯವರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಸಂಜೆ ಹೋಗಿ ಗೆಳೆಯನ ಪಕ್ಕ ಕೂತು ಬರುತ್ತಿದ್ದರು.

ಆಗ ಪಟ್ಟಣದಿಂದ ಒಬ್ಬ ಸಾಮಾನು ಮಾರುವವನು ಬಂದ. ದಪ್ಪನೆಯ ವೈರು ತಂದ. ವೈರು ನೆಲಕ್ಕೆ ತಾಗಿದರೆ ದನಿ ಕಲಕುತ್ತದೆಂದು ಅದನ್ನು ಎತ್ತಿ ಇಡಲು ಮರದ ದಿಮ್ಮಿಗಳನ್ನು ತಂದ. ಕೊನೆಗೆ ಮುಷ್ಟಿಗಾತ್ರದ ಒಂದು ಕರಿಯ ಕಲ್ಲು ತಂದು ಆಂಪ್ಲಿಫೈಯರಿನ ಮೇಲಿಟ್ಟ. "ನೀರಿನಲ್ಲಿ ರಾಡಿ ತಳಕ್ಕಿಳಿದ ಹಾಗೆ ಇದು ದನಿಯ ರಾಡಿಯನ್ನು ಇಳಿಸುತ್ತದೆ, ಯಜಮಾನರೇ. ಆದರೆ ಎಲ್ಲರ ಕಿವಿಗೂ ಇದು ದಕ್ಕುವುದಿಲ್ಲ. ನಿಮ್ಮಂಥವರಿಗೆ ಮಾತ್ರ," ಎಂದ.

"ಹೇಗಿದೆ ಮೇಷ್ಟ್ರೇ?" ಎಂದ ವ್ಯಾಪಾರಿ.

ಮೇಷ್ಟ್ರಿಗೆ ನಿನ್ನೆ ಕೇಳಿಸಿದ್ದೇ ಇವತ್ತೂ ಕೇಳಿಸಿತು. ಕಲ್ಲು ಕಲ್ಲೇ ಎಂದು ಅವರಿಗೆ ಗೊತ್ತಿತ್ತು. ಆದರೆ ಗೆಳೆಯನ ಮುಖ ನೋಡಿದರು. ಎಷ್ಟೋ ದಿನಗಳ ಮೇಲೆ ಅದರಲ್ಲಿ ಸ್ವಲ್ಪ ಬೆಳಕಿತ್ತು. "ಆಹಾ," ಎಂದು ತಲೆದೂಗಿದರು. ಅಂದು ವ್ಯಾಪಾರಿ ಹೊಟ್ಟೆ ತುಂಬ ಉಂಡ. ಮೇಷ್ಟ್ರಿಗೆ ಪುಣ್ಯದ ಕೆಲಸ ಮಾಡಿದಂತಾಯಿತು.

ಚಹಾ ತಂದ ಸೊಸೆಯನ್ನೂ ವ್ಯಾಪಾರಿ ಕೇಳಿದ. "ನೀನು ಹೇಳಮ್ಮ."

"ನನಗೆ ಮೊದಲಿನ ಹಾಗೇ ಕೇಳಿಸಿತು ಮಾವ."

"ಒಗ್ಗರಣೆಯ ಚಟಪಟಕ್ಕೆ ಒಗ್ಗಿದ ಕಿವಿ, ಪಾಪ!" ಎಂದು ವ್ಯಾಪಾರಿ ನಕ್ಕ. ಮೇಷ್ಟ್ರೂ ನಕ್ಕರು.

ಒಂದು ಸಂಜೆ ಮೇಷ್ಟ್ರು ಹೋದಾಗ, ಮೊಮ್ಮಗಳು ಆ ಕಲ್ಲನ್ನು ಅಂಗಳಕ್ಕೆ ಒಯ್ದು ಎಲೆ ಅರೆಯುವ ಆಟ ಆಡುತ್ತಿದ್ದಳು. ಒಳಗೆ ವ್ಯಾಪಾರಿ ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದ. "ಇವತ್ತು ಗಾಜಿನ ಹಾಗಿದೆ ಮೇಷ್ಟ್ರೇ. ಕಲ್ಲು ಈಗ ಕೆಲಸ ಶುರುಮಾಡಿದೆ," ಎಂದ. ಹೇಳಿಬಿಡಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡು, "ಆಹಾ," ಎಂದರು.

ಹೊರಟಾಗ ಸೊಸೆ ಬಾಗಿಲ ಬಳಿ ತಡೆದಳು. "ಮೇಷ್ಟ್ರೇ, ನೀವಾದರೂ ತಿಳಿಸಿ ಹೇಳಿ. ಈಗೀಗ ಅವರು ಹಾಡು ಕೇಳುವುದಿಲ್ಲ. ಹಾಡು ನಿಂತ ಮೇಲೆ ಟೇಪಿನಲ್ಲಿ ಬರೀ ಸುಯ್ಯೆನ್ನುತ್ತದಲ್ಲ, ಅದನ್ನೇ ಕೇಳುತ್ತಾರೆ. ಕೇಳಿ ನನ್ನ ಕಡೆ ನೋಡುತ್ತಾರೆ. ನನಗೆ ಹೆದರಿಕೆಯಾಗುತ್ತದೆ."

"ಇರಲಿ ಬಿಡಮ್ಮ. ಅದೊಂದು ಸಮಾಧಾನ ಅವರಿಗೆ. ನಮ್ಮ ಗಂಟೇನು ಹೋಗುತ್ತದೆ?" ಎಂದರು ಮೇಷ್ಟ್ರು.

ಸ್ವಲ್ಪ ದಿನಕ್ಕೆ ವ್ಯಾಪಾರಿ ಅವರನ್ನು ಕರೆಸಿ, ಕೈ ಹಿಡಿದು ಸ್ಪೀಕರಿನ ಮುಂದೆ ಕೂರಿಸಿದ. ಹಾಡು ಬಂತು. ಆಲಾಪದ ನಡುವೆ ಕಡಿದು ನಿಂತಿತು. "ಈಗ ಕೇಳಿ. ಇಲ್ಲಿ! ಬಳೆಯ ಸದ್ದು. ಯಾರೋ ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಮಗ ಒದ್ದಾಡುವುದನ್ನು ನೋಡುತ್ತಾ ನಿಂತಿದ್ದಾರೆ. ಕೇಳಿಸಿತೇ?"

ಮೇಷ್ಟ್ರಿಗೆ ಏನೂ ಕೇಳಿಸಲಿಲ್ಲ. ಆದರೆ ಅವರ ತಲೆ ದೂಗಿ ದೂಗಿ ಒಗ್ಗಿಹೋಗಿತ್ತು. ಅದು ತಾನಾಗಿಯೇ ಆಡಿತು.

ಮರುದಿನ ಬಂಧುಗಳೆಲ್ಲ ಸೇರಿದರು. ವ್ಯಾಪಾರಿ ಟೇಪು ಹಾಕಿದ. ಕೊಡದ ಬಿರುಕು ಹೇಳುವ ಕಿವಿಯನ್ನು ಅಲ್ಲಗಳೆಯುವವರು ಯಾರು? "ಏನೋ ಕೇಳಿಸಿದ ಹಾಗಾಯಿತು," ಎಂದ ಒಬ್ಬ. "ಏನೋ ಏನು ಬಂತು? ಬಳೆಯೇ," ಎಂದಳು ಇನ್ನೊಬ್ಬಳು.

"ನಿನಗೆ ಕೇಳಿಸಿತೇನಮ್ಮ?" ಎಂದು ಹಿರಿಯರು ಸೊಸೆಯನ್ನು ಕೇಳಿದರು.

"ಇಲ್ಲ. ನಾನು ಅಲ್ಲಿರಲಿಲ್ಲ. ಇದರಲ್ಲಿ ಏನೂ ಇಲ್ಲ."

"ನೋಡಿ! ಎಲ್ಲರಿಗೂ ಕೇಳಿಸುವುದು ಇವಳೊಬ್ಬಳಿಗೇ ಯಾಕೆ ಕೇಳಿಸುವುದಿಲ್ಲ?" ಎಂದ ವ್ಯಾಪಾರಿ. "ಮೊದಲ ದಿನದಿಂದಲೂ ಇವಳಿಗೆ ಕೇಳಿಸಿಲ್ಲ. ಯಾಕೆಂದು ನನಗೆ ಈಗ ಗೊತ್ತಾಯಿತು."

ಸೊಸೆ ಮೇಷ್ಟ್ರ ಕಡೆ ತಿರುಗಿದಳು. ಬಳೆ ತೆಗೆದ ಬರಿಯ ಮುಂಗೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು. "ಮೇಷ್ಟ್ರೇ, ನಿಮ್ಮ ಮಾತನ್ನು ಇಲ್ಲಿ ಯಾರೂ ತೆಗೆದುಹಾಕುವುದಿಲ್ಲ. ನೀವು ಹೇಳಿ."

ಮೇಷ್ಟ್ರು ಒಳಗೇ ಲೆಕ್ಕ ಹಾಕಿದರು. ಇಲ್ಲವೆಂದರೆ ಇಷ್ಟು ದಿನದ ಅಷ್ಟೂ ಆಹಾಗಳು ಸುಳ್ಳಾಗುತ್ತವೆ. ಗೆಳೆಯನ ಸಮಾಧಾನವೂ ಹೋಗುತ್ತದೆ, ತಮ್ಮ ಮರ್ಯಾದೆಯೂ ಹೋಗುತ್ತದೆ. "ಸ್ಪಷ್ಟವಾಗಿ ಅಲ್ಲ... ಆದರೂ..." ಎಂದರು.

ಆ 'ಆದರೂ' ಸಾಕಾಯಿತು.

ಮಗಳನ್ನು ಬಿಟ್ಟು ಹೋಗು ಎಂದು ಹಿರಿಯರು ಸೊಸೆಗೆ ಹೇಳಿದರು. ಮೊಮ್ಮಗಳು ಸೆರಗು ಹಿಡಿದಳು. ಬೆರಳುಗಳನ್ನು ಬಿಡಿಸಿದರು. ಸೊಸೆ ತವರಿಗೆ ಹೋಗುವ ಮೊದಲೇ ಸುದ್ದಿ ಅಲ್ಲಿಗೆ ಹೋಗಿತ್ತು. ಗಂಡ ಸಾಯುವುದನ್ನು ನಿಂತು ನೋಡಿದವಳೆಂದು ಅಣ್ಣ ಒಳಗೆ ಕರೆಯಲಿಲ್ಲ. ಅಲ್ಲಿಂದ ಅವಳು ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿಲ್ಲ.

ಮೇಷ್ಟ್ರಿಗೆ ಅನ್ನ ಸೇರದಾಯಿತು. ದೇವರ ಮುಂದೆ ದೀಪ ಹಚ್ಚಲು ಕೈ ಬಾರದಾಯಿತು. ಬಹಳ ಕಾಲದ ಮೇಲೆ ಒಂದು ದಿನ ಗಟ್ಟಿ ಮನಸ್ಸು ಮಾಡಿ ಗೆಳೆಯನ ಮನೆಗೆ ಹೋದರು. "ನನ್ನನ್ನು ಕ್ಷಮಿಸಿ. ನನಗೆ ಯಾವತ್ತೂ ಏನೂ ಕೇಳಿಸಿರಲಿಲ್ಲ. ವೈರಿನಿಂದಲೂ ಇಲ್ಲ, ಕಲ್ಲಿನಿಂದಲೂ ಇಲ್ಲ. ಬಳೆಯಂತೂ ಇಲ್ಲವೇ ಇಲ್ಲ," ಎಂದು ಕಾಲ ಬಳಿ ಕುಸಿದರು.

ವ್ಯಾಪಾರಿ ಸಿಟ್ಟಾಗಲಿಲ್ಲ. ಪ್ರೀತಿಯಿಂದ ಅವರ ಭುಜ ಹಿಡಿದೆತ್ತಿದ. "ವಯಸ್ಸಾಯಿತು ಮೇಷ್ಟ್ರೇ. ಕಿವಿ ಮಂದವಾಗಿದೆ ನಿಮಗೆ. ಅದಕ್ಕೆ ಯಾಕೆ ಅಳುತ್ತೀರಿ?"

ಅವನ ಪಕ್ಕದಲ್ಲಿ ಮೊಮ್ಮಗಳು ಸ್ಪೀಕರಿನ ಮುಂದೆ ಕೂತಿದ್ದಳು. ಅವಳಿಗೀಗ ಉದ್ದ ಜಡೆ ಬಂದಿತ್ತು. ಮೇಷ್ಟ್ರನ್ನು ಸಮಾಧಾನ ಮಾಡಲೆಂದು ಅವಳೂ ಹೇಳಿದಳು: "ನನಗೆ ಚೆನ್ನಾಗಿ ಕೇಳಿಸುತ್ತದೆ ಅಜ್ಜ. ಅದು ನಮ್ಮಮ್ಮನ ಬಳೆಯೇ."

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರಪ್ಪ ತಡೆಯಲಾರದೆ ಕೇಳಿದ: "ಆ ಕಲ್ಲು ಮಾರಿದ ಪಾಪಿಗೆ ದೇವರು ಏನು ಶಿಕ್ಷೆ ಕೊಟ್ಟ, ಗುರುಗಳೇ?"

"ಅವನು ಮಾರಿದ್ದು ಕಲ್ಲನ್ನು ಮಾತ್ರ, ಅಪ್ಪಾ. ಬಳೆಯ ಸದ್ದನ್ನು ಬಿಟ್ಟಿಯಾಗಿ ಕೊಟ್ಟವರು ಮೇಷ್ಟ್ರು," ಎಂದರು ಗುರುಗಳು.



ಆ ತಾಯಿ ಎಲ್ಲಿದ್ದರೂ ಭಗವಂತ ಅವಳಿಗೊಂದು ನೆರಳು ಕೊಡಲಿ. ಇದನ್ನು ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ದೀಪ ಉರಿಯುತ್ತಿರಲಿ. ಹೇಳಬೇಕಾದ ಹೊತ್ತಿಗೆ ಹೇಳುವ ಬಾಯಿಯನ್ನು ಅವನು ನಿಮಗೂ ನನಗೂ ಕರುಣಿಸಲಿ.