ಮುಚ್ಚಳಕ್ಕೆ ಮೆತ್ತಿದ ಗಂಧ

ಶಿಷ್ಯನೊಬ್ಬ ಗುರುಗಳ ಎರಡೂ ಕಾಲು ಹಿಡಿದುಕೊಂಡು ಕೇಳಿದ: "ಗುರುಗಳೇ, ನೀವು ಬಾಯಿ ತೆರೆದ ಕೂಡಲೇ ನಾನು ಅಡ್ಡಬೀಳುತ್ತೇನೆ. ಒಂದು ದಿನವೂ ಎದುರು ಪ್ರಶ್ನೆ ಕೇಳಿದವನಲ್ಲ. ಆದರೂ ನೀವು ಹೇಳಿಕೊಟ್ಟದ್ದು ಸ್ವಲ್ಪ ಒಳಗಿಳಿದು ಅಲ್ಲಿಗೇ ನಿಂತುಬಿಡುತ್ತದೆ. ಏಕೆ?"

ಗುರುಗಳು ಹೇಳತೊಡಗಿದರು.

ಹೂವಿನ ವ್ಯಾಪಾರಿಯೊಬ್ಬನಿದ್ದ. ಅವನಲ್ಲಿ ತಂದೆಯ ಕಾಲದ ಮೋಟಾರ್ ಸೈಕಲ್ ಇತ್ತು. ಆಯುಧಪೂಜೆಯ ದಿನ ಎಲ್ಲರೂ ಗಾಡಿಗೆ ಒಂದು ಬೊಟ್ಟು ಗಂಧ ಇಡುತ್ತಾರೆ. ಈ ಪುಣ್ಯಾತ್ಮ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ತುಂಬಾ ದೋಸೆ ಹಿಟ್ಟಿನಂತೆ ಬಳಿದ. ಪೂಜೆಯದ್ದನ್ನು ಒರೆಸಬಾರದೆಂದು ಹಾಗೆಯೇ ಒಣಗಲು ಬಿಟ್ಟ.

ಅಂದಿನಿಂದ ಗಾಡಿ ಸ್ವಲ್ಪ ದೂರ ಹೋಗಿ ಗೊರಗೊರ ಎಂದು ನಿಲ್ಲತೊಡಗಿತು. ಎಷ್ಟು ಒದ್ದರೂ ಸ್ಟಾರ್ಟ್ ಆಗದು. ಪೆಟ್ರೋಲ್ ಮುಗಿಯಿತೇ ಎಂದು ಮುಚ್ಚಳ ತೆಗೆದು ಇಣುಕಿದರೆ ಬೇಕಾದಷ್ಟು ಇರುತ್ತಿತ್ತು. ಮುಚ್ಚಿ ಒದ್ದರೆ ಹೊರಡುತ್ತಿತ್ತು. ಮತ್ತೆ ಸ್ವಲ್ಪ ದೂರ, ಮತ್ತೆ ಅದೇ ಗೋಳು.

ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಅವನೂ ಮೊದಲು ಮುಚ್ಚಳ ತೆಗೆದೇ ನೋಡುತ್ತಿದ್ದುದರಿಂದ ಅವನ ಕೈಯಲ್ಲಿ ಗಾಡಿ ನಿಲ್ಲಲೇ ಇಲ್ಲ. "ಗಾಡಿಗೇನೂ ಆಗಿಲ್ಲ, ನಿನಗೇ ಏನೋ ಆಗಿದೆ" ಎಂದು ಕಳಿಸಿದ. ಗಾಡಿಗೆ ದೃಷ್ಟಿ ತಗುಲಿದೆ ಎಂದು ವ್ಯಾಪಾರಿಗೆ ಖಾತ್ರಿಯಾಯಿತು. ನಿಂತಾಗಲೆಲ್ಲ ಮುಚ್ಚಳಕ್ಕೆ ಇನ್ನೊಂದು ಪದರ ಗಂಧ ಬಳಿಯುತ್ತಾ ಬಂದ.

ಅಷ್ಟರಲ್ಲಿ ತಂಗಿಯ ಮಗಳ ಮದುವೆ ಬಂತು. ವಧೂವರರ ಹಾರ ತಾನೇ ತರುತ್ತೇನೆಂದು ಹಟ ಮಾಡಿ ಒಪ್ಪಿಸಿದ್ದ. ತಂಗಿಗೆ ಆ ಗಾಡಿಯ ಕತೆ ಗೊತ್ತು. "ಅಣ್ಣಾ, ಮುಹೂರ್ತ ತಪ್ಪಿಸಿದರೆ ಮತ್ತೆ ನನ್ನ ಮನೆ ಬಾಗಿಲಿಗೆ ಬರಬೇಡ" ಎಂದಿದ್ದಳು.

ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಹಾರದ ಬುಟ್ಟಿಯನ್ನು ಅವಳ ಮಡಿಲಲ್ಲಿಟ್ಟು ಹೊರಟ. ಪ್ರತಿ ತಿರುವಿಗೂ ಗಾಡಿ ನಿಂತಿತು. ಪ್ರತಿ ಸಲವೂ ಇಳಿದು ಇಣುಕಿದ. ದೂರದಿಂದ ಛತ್ರದ ವಾಲಗ ಕೇಳತೊಡಗಿದಾಗ ಗಾಡಿ ಮತ್ತೆ ನಿಂತಿತು. ಅವನಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಜೇಬಿನಿಂದ ಗಂಧದ ಡಬ್ಬಿ ತೆಗೆದ.

ಹೆಂಡತಿ ಅವನ ಕೈ ಹಿಡಿದಳು. "ರೀ, ಪೂಜೆಗೆ ಮೊದಲು ಗಾಡಿ ತೊಳೆದವಳು ನಾನು. ಈ ಮುಚ್ಚಳದಲ್ಲೊಂದು ತೂತಿತ್ತು. ಮೂಗಿಗೆಲ್ಲ ಹೀಗೆ ಮೆತ್ತಿದರೆ ಅದು ಉಸಿರಾಡುವುದು ಹೇಗೆ?"

"ಪೂಜೆಯದ್ದು ಕಣೇ, ಕೆರೆಯಬಾರದು."

"ಹಾಗಾದರೆ ಹಾರ ಕೊಟ್ಟು ಆ ಪೂಜೆಯನ್ನೇ ಛತ್ರಕ್ಕೆ ಕಳಿಸಿ" ಎಂದು ಅವಳು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಮುಚ್ಚಳದ ನಡುವೆ ಚುಚ್ಚಿದಳು. ಟ್ಯಾಂಕು ಉಸ್ಸೆಂದು ಉಸಿರೆಳೆದುಕೊಂಡಿತು. ಮೇಲಿಂದ ಗಾಳಿ ಹೋದರಲ್ಲವೇ ಪೆಟ್ರೋಲ್ ಕೆಳಗಿಳಿಯುವುದು? ಗಾಡಿ ಒಂದೇ ಒದೆತಕ್ಕೆ ಹೊರಟಿತು, ಛತ್ರದವರೆಗೂ ನಿಲ್ಲಲಿಲ್ಲ. ಅಲ್ಲಿ ಪುರೋಹಿತರು ಹೇಳಿದ ಮಂತ್ರವನ್ನೇ ಮತ್ತೆ ಹೇಳುತ್ತಾ ಕಾಲ ತಳ್ಳುತ್ತಿದ್ದರು. ಅಣ್ಣನನ್ನು ಕಂಡು ತಂಗಿ ಅತ್ತೇಬಿಟ್ಟಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತು. "ಎಂಥ ಮಾತು ಹೇಳಿದಿರಿ ಗುರುಗಳೇ" ಎಂದು ಪಾದಗಳನ್ನು ಇನ್ನೂ ಬಿಗಿಯಾಗಿ ಹಿಡಿದು ಹಣೆ ಒತ್ತಿದ.

ಗುರುಗಳು ಹೇಳಿದರು: "ಕಾಲು ಬಿಡಪ್ಪಾ, ಸ್ವಲ್ಪ ಗಾಳಿಯಾಡಲಿ."