ಗೋಣಿಸೊಪ್ಪಿನ ಎಲೆ ದಪ್ಪಗಾದ ಕಥೆ

ಭೂಮಿ ಆಗ ಹೊಸದು ಮಗೂ. ಎಷ್ಟು ಹೊಸದು ಅಂದರೆ, ಬೆಟ್ಟಗಳು ತಂತಮ್ಮ ಜಾಗದಲ್ಲಿ ಕೂತು ಇನ್ನೂ ಸರಿಯಾಗಿ ಕಾಲು ಚಾಚಿರಲಿಲ್ಲ. ಯಾವ ತಿಂಗಳಲ್ಲಿ ಬರಬೇಕು ಅನ್ನುವುದು ಮೋಡಗಳಿಗೆ ಬಾಯಿಪಾಠ ಆಗಿರಲಿಲ್ಲ. ಸೂರ್ಯನದಂತೂ ಹುಡುಗುಬುದ್ಧಿ. ಎಷ್ಟು ದೂರದಲ್ಲಿ ನಿಲ್ಲಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಿಡ, ಗಾಳಿ, ಕಲ್ಲು, ಮನುಷ್ಯರು ಎಲ್ಲರಿಗೂ ಆಗ ಒಂದೇ ಮಾತು. ಬೆಳಿಗ್ಗೆ ಬಾವಿಗೆ ಹೋದರೆ ಬಾವಿಯೇ ‘ನಿದ್ದೆ ಆಯ್ತಾ’ ಅಂತ ಕೇಳುತ್ತಿತ್ತು.

ಗೋಣಿಸೊಪ್ಪನ್ನು ನೀನು ನೋಡಿದ್ದೀಯಲ್ಲ? ಹಿತ್ತಿಲ ದಾರಿಯಲ್ಲಿ ನೆಲಕ್ಕೆ ಮೈ ಹಚ್ಚಿಕೊಂಡು ಹಬ್ಬಿರುತ್ತದೆ. ದಂಟು ಕೆಂಪು, ಎಲೆ ಪುಟ್ಟದು, ದಪ್ಪ. ಆಗ ಅದು ಹಾಗಿರಲಿಲ್ಲ. ದಂಟು ತಿಳಿಹಸಿರು, ಎಲೆ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ. ಎಲ್ಲ ಗಿಡಗಳಂತೆ ನೆಟ್ಟಗೆ ನಿಲ್ಲುತ್ತಿತ್ತು.

ಅದಕ್ಕೆ ಇದ್ದದ್ದು ಒಂದೇ ಚಟ, ಮನುಷ್ಯರ ಕಾಲ ಬಳಿ ಇರಬೇಕು ಅನ್ನುವುದು. ಕಾಡಿನಲ್ಲಿ ಬೇಕಾದಷ್ಟು ಜಾಗವಿತ್ತು, ಆದರೆ ಅಲ್ಲಿ ಅದಕ್ಕೆ ಬೇಜಾರು. ಪಾತ್ರೆ ಸದ್ದು ಕೇಳಬೇಕು, ಮಕ್ಕಳ ಗಲಾಟೆ ಕೇಳಬೇಕು. ಯಾರೂ ಬಿತ್ತದಿದ್ದರೂ, ಯಾರೂ ಕರೆಯದಿದ್ದರೂ, ಬಂದು ಮನೆ ಹತ್ತಿರವೇ ಹುಟ್ಟುತ್ತಿತ್ತು.

ಹಾಗೆ ಬಂದು ಬಂದು ಅದು ಮುದ್ದಕ್ಕನ ಹಿತ್ತಿಲಿಗೂ ಬಂತು.

ಮುದ್ದಕ್ಕ ಯಾರು ಅಂದರೆ, ಭೂಮಿ ಮೇಲೆ ಮೊಟ್ಟಮೊದಲು ಹಿತ್ತಿಲು ಮಾಡಿದ ಹೆಂಗಸು. ಅವಳಿಗಿಂತ ಮುಂಚೆ ಜನ ಬಯಲಲ್ಲಿ, ಬೇಲಿ ಮಗ್ಗುಲಲ್ಲಿ ಸಿಕ್ಕಿದ ಸೊಪ್ಪು ಕುಯ್ದು ಮಡಿಲಿಗೆ ತುಂಬಿಕೊಂಡು ಬರುತ್ತಿದ್ದರು. ಮುದ್ದಕ್ಕ ಮನೆ ಹಿಂದೆ, ದೊಡ್ಡ ಬಂಡೆಯ ಪಕ್ಕ, ಮಣ್ಣು ಹದ ಮಾಡಿ ಪಾತಿ ಕಟ್ಟಿದಳು. ಒಂದು ಪಾತಿಗೆ ಬದನೆ, ಒಂದಕ್ಕೆ ಬೆಂಡೆ, ಒಂದಕ್ಕೆ ದಂಟು. ಚಪ್ಪರಕ್ಕೆ ಹೀರೆಬಳ್ಳಿ. ಅಕ್ಕಿ ತೊಳೆದ ನೀರು ಹೀರೆಗೆ, ಮುಖ ತೊಳೆದ ನೀರು ದಂಟಿಗೆ. ಒಂದು ಹನಿ ಆಚೀಚೆ ಆಗುವಂತಿಲ್ಲ.

ಒಳ್ಳೆಯ ಹೆಂಗಸು, ಆದರೆ ಸ್ವಲ್ಪ ಜಂಬ. ಬಯಲಿನ ಸೊಪ್ಪು ಅಂದರೆ ಮೂಗು ಮುರಿಯುತ್ತಿದ್ದಳು. ‘ನಾನು ಬಿತ್ತಿದ್ದಷ್ಟೇ ನನ್ನ ಹಿತ್ತಿಲಲ್ಲಿ ಇರಬೇಕು’ ಅನ್ನುವುದು ಅವಳು ಹಾಕಿಕೊಂಡ ಕಟ್ಟಳೆ.

ಅವಳ ಜೊತೆಗೆ ಇದ್ದವಳು ಮೊಮ್ಮಗಳು ಬೊಮ್ಮಿ. ನಿನ್ನಷ್ಟೇ ಎತ್ತರ, ನಿನ್ನಷ್ಟೇ ಬಾಯಿ. ಬೊಮ್ಮಿಯ ಅಪ್ಪ ಅವ್ವ ದೂರದಲ್ಲಿ ಭೂಮಿಯ ಮೊದಲನೇ ಕೆರೆಗೆ ಮಣ್ಣು ಹೊರಲು ಹೋಗಿದ್ದರು. ಮೊದಲ ಮಳೆ ಬಿದ್ದ ದಿನ ವಾಪಸು ಬರುವ ಮಾತು. ಹೋಗುವಾಗ ಬೊಮ್ಮಿಯ ಅವ್ವ ಮುದ್ದಕ್ಕನ ಕೈ ಹಿಡಿದು, “ಅವ್ವ, ಕೂಸು ಜೋಪಾನ” ಅಂದಿದ್ದಳು. ಮುದ್ದಕ್ಕ ಆ ಮಾತನ್ನು ದಿನಾ ನೆನೆಯುತ್ತಿದ್ದಳು.

ಒಂದು ಬೆಳಿಗ್ಗೆ ಬೆಂಡೆ ಪಾತಿಯಲ್ಲಿ ಗೋಣಿಸೊಪ್ಪು ತಲೆಯೆತ್ತಿತು.

“ಯಾರೇ ನೀನು? ನಾನು ಬಿತ್ತಿಲ್ಲವಲ್ಲ!” ಅಂದಳು ಮುದ್ದಕ್ಕ.

“ಇಲ್ಲೇ ಒಂದು ಮೂಲೇಲಿ ಇರ್ತೀನಕ್ಕ.”

“ಯಾರು ಕರೆದ್ರು ನಿನ್ನ?”

“ಯಾರೂ ಕರೀಲಿಲ್ಲ. ನಾನೇ ಬಂದೆ.”

ಮುದ್ದಕ್ಕ ಅದನ್ನು ಬುಡಸಮೇತ ಕಿತ್ತು ಬೇಲಿಯಾಚೆ ಎಸೆದಳು. ಆ ಕಾಲದಲ್ಲಿ ಬೇರು ಕಿತ್ತರೆ ಯಾವ ಗಿಡವಾದರೂ ಸಂಜೆಯೊಳಗೆ ಸಾಯುತ್ತಿತ್ತು. ಮಾರನೇ ದಿನ ಅದರ ತಂಗಿ ಬದನೆ ಪಾತಿಯಲ್ಲಿ ಬಂತು. ಕಿತ್ತಳು. ಅದರ ಮಾರನೇ ದಿನ ಇನ್ನೊಂದು ತಂಗಿ ದಂಟಿನ ಪಾತಿಯಲ್ಲಿ. ಅದನ್ನೂ ಕಿತ್ತಳು. ಬೊಮ್ಮಿ ಅಜ್ಜಿಯ ಸೆರಗು ಹಿಡಿದು, “ಬಿಡಜ್ಜಿ, ಪಾಪ, ಒಂದಾದ್ರೂ ಇರ್ಲಿ” ಅನ್ನುತ್ತಿದ್ದಳು. ಬೊಮ್ಮಿಗೆ ಆ ಗಿಡದ ಮೇಲೆ ಅದೇನೋ ಅಕ್ಕರೆ. ಅವಳ ಎಲ್ಲ ಮಾತಿಗೂ ‘ಹೂಂ’ ಅನ್ನುತ್ತಿದ್ದದ್ದು ಅದೊಂದೇ.

ಬೇಸಿಗೆ ಬಂತು. ಬೇಸಿಗೆ ಮುಗಿಯುತ್ತಾ ಬಂತು. ಮೋಡಗಳಿಗೆ ದಾರಿ ಮರೆತುಹೋಯಿತೋ ಏನೋ, ಒಂದೂ ಬರಲಿಲ್ಲ. ಸೂರ್ಯನಿಗೆ ಕೆರೆ ಅಗೆಯುವುದನ್ನು ನೋಡುವ ಕುತೂಹಲ. ಸರಿಯಾಗಿ ಕಾಣಲಿ ಅಂತ ದಿನಕ್ಕಿಷ್ಟು ದಿನಕ್ಕಿಷ್ಟು ಕೆಳಗೆ ಬಗ್ಗಿದ. ಕೆಟ್ಟವನೇನಲ್ಲ ಪಾಪ, ತನ್ನ ಮೈ ಎಷ್ಟು ಬಿಸಿ ಅಂತ ಅವನಿಗೆ ಗೊತ್ತಿರಲಿಲ್ಲ. ಹೋಗಿ ಅವನಿಗೆ ಹೇಳು ಅಂತ ಜನ ಗಾಳಿಗೆ ಹೇಳಿದರೆ, ಗಾಳಿ ಹುಣಸೆಮರದ ಕೆಳಗೆ ಮಲಗಿ, “ನನಗೇ ಉಸಿರಾಡೋಕೆ ಆಗ್ತಿಲ್ಲ” ಅಂದಿತು.

ಬಾವಿಯ ನೀರು ಕೆಳಗೆ ಕೆಳಗೆ ಹೋಯಿತು. ಮುದ್ದಕ್ಕ ನೀರನ್ನು ಪಾಲು ಮಾಡಿದಳು. ಬೊಮ್ಮಿಗೆ ಒಂದು ಸೋರೆಬುರುಡೆ ತುಂಬ, ತನಗೆ ಅರ್ಧ, ಉಳಿದದ್ದು ಪಾತಿಗಳಿಗೆ.

ಅವತ್ತು ಹೀರೆಬಳ್ಳಿಯ ಬುಡದಲ್ಲಿ ಮತ್ತೆ ಗೋಣಿಸೊಪ್ಪು! ಹೀರೆಗೆ ಹಾಕಿದ ನೀರಿನ ಪಕ್ಕದಲ್ಲೇ ನಿಂತಿತ್ತು. ಮುದ್ದಕ್ಕನಿಗೆ ಮೈಯೆಲ್ಲ ಉರಿಯಿತು.

“ಇರೋ ನೀರಿಗೆ ನಿನ್ನದೊಂದು ಬಾಯಿ ಬೇರೆ!” ಅಂತ ಬೇರುಸಮೇತ ಕಿತ್ತಳು. ಬೇಲಿಯಾಚೆ ಎಸೆದರೆ ಮತ್ತೆ ಬಂದೀತು ಅಂತ ಕಾದ ಬಂಡೆಯ ಮೇಲೆ ಎಸೆದಳು. ಬೊಮ್ಮಿ ನೆಲದ ಮೇಲೆ ಬಿದ್ದು ಅತ್ತಳು. ಮುದ್ದಕ್ಕ ತಿರುಗಿಯೂ ನೋಡಲಿಲ್ಲ.

ಅವತ್ತಿನಿಂದ ಬೊಮ್ಮಿ ತನ್ನ ಬುರುಡೆ ತೆಗೆದುಕೊಂಡು ಬಂಡೆ ಹಿಂದೆ ಹೋಗುತ್ತಿದ್ದಳು. “ಅಲ್ಲಿ ನೆರಳೈತೆ ಕಣಜ್ಜಿ, ಅಲ್ಲೇ ಕುಡೀತೀನಿ” ಅನ್ನುತ್ತಿದ್ದಳು. ಮುದ್ದಕ್ಕ ಆಗಲಿ ಅಂದಳು. ಕೂಸು ನೀರು ಕುಡಿಯುತ್ತಿದೆ ಅನ್ನುವ ಒಂದು ಸಮಾಧಾನ ಅವಳಿಗೆ.

ಆದರೂ ಕೂಸು ಬಾಡುತ್ತಾ ಬಂತು. ಯಾಕೆ ಅಂತ ಮುದ್ದಕ್ಕನಿಗೆ ತಿಳಿಯಲಿಲ್ಲ. ಏಳನೇ ದಿನ ಬೊಮ್ಮಿ ಬೇವಿನಮರದ ಕೆಳಗೆ ಮಲಗಿದವಳು ಏಳಲಿಲ್ಲ. ಮೈ ಕೆಂಡ. ತುಟಿ ಒಡೆದಿತ್ತು. ಬಾಯಿ ತೆರೆಸಿ ನೋಡಿದರೆ ನಾಲಿಗೆ ಒಣಗಿ ಅಂಟಿಕೊಂಡಿತ್ತು. ಅಷ್ಟು ಮಾತಾಡುವ ಕೂಸಿನ ಬಾಯಿಂದ ಒಂದು ಮಾತೂ ಇಲ್ಲ.

ಮುದ್ದಕ್ಕ ಬಾವಿಗೆ ಓಡಿದಳು.

“ಇವತ್ತು ನನ್ನತ್ರ ಕೆಸರು ಬಿಟ್ರೆ ಏನೂ ಇಲ್ಲ ಕಣವ್ವ” ಅಂದಿತು ಬಾವಿ. “ನಾಳೆ ಬೆಳಿಗ್ಗೆ ಹೊತ್ತಿಗೆ ಒಂದು ಬೊಗಸೆ ಊರಬಹುದು.”

“ನಾಳೆವರೆಗೂ ಕೂಸು ತಡೆಯಲ್ಲ” ಅಂದಳು ಮುದ್ದಕ್ಕ. ಅಂದ ಮೇಲೆ ತನ್ನ ಮಾತಿಗೆ ತಾನೇ ಹೆದರಿದಳು.

ಹಿತ್ತಿಲಿಗೆ ಓಡಿದಳು. “ಹೀರೇ, ನನ್ನ ತಾಯಿ, ಒಂದು ಹಸಿ ಎಲೆ ಕೊಡು. ಹಿಂಡಿ ಕೂಸಿನ ಬಾಯಿಗೆ ಬಿಡ್ತೀನಿ.”

ಹೀರೆಬಳ್ಳಿ ಚಪ್ಪರದಿಂದ ಜೋತುಬಿದ್ದಿತ್ತು. “ಇದ್ದಿದ್ರೆ ಕೊಡ್ತಿರಲಿಲ್ವೇನಕ್ಕ? ನೀನು ಕೊಟ್ಟಿದ್ದನ್ನ ಅವತ್ತವತ್ತೇ ಕುಡಿದುಬಿಟ್ಟೆ” ಅಂದಿತು. ಬದನೆಯೂ ಹಾಗೇ ಅಂದಿತು. ಬೆಂಡೆಯೂ ಹಾಗೇ ಅಂದಿತು. ದಂಟು ಮಾತಾಡುವ ಸ್ಥಿತಿಯಲ್ಲೇ ಇರಲಿಲ್ಲ.

ಮುದ್ದಕ್ಕ ಬೇವಿನಮರಕ್ಕೆ, “ಕೂಸಿನ ಮೇಲಿನ ನೆರಳು ತೆಗೀಬೇಡಪ್ಪ” ಅಂತ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಯಲಿಗೆ ಇಳಿದಳು. ಬಯಲಿನ ಸೊಪ್ಪಿಗೆ ಮೂಗು ಮುರಿಯುತ್ತಿದ್ದವಳು ಈಗ ಬೇಲಿ ಬೇಲಿ ಬಗ್ಗಿ ನೋಡಿದಳು. ಅಣ್ಣೆಸೊಪ್ಪು ಒಣಗಿ ಕಡ್ಡಿಯಾಗಿತ್ತು. ಹೊನಗೊನೆಸೊಪ್ಪು ಇದ್ದ ಹಳ್ಳದಲ್ಲಿ ನೆಲ ಬಿರುಕು ಬಿಟ್ಟಿತ್ತು. ಯಾವ ಯಾವ ಸೊಪ್ಪನ್ನು ಅವಳು ‘ಕಳೆ’ ಅಂತ ಕರೆದಿದ್ದಳೋ ಅದರ ಹೆಸರನ್ನೆಲ್ಲ ಹಿಡಿದು ಕೂಗಿದಳು. ಒಂದೂ ಓಗೊಡಲಿಲ್ಲ.

ಬರಿಮಡಿಲಲ್ಲಿ ವಾಪಸು ಬಂದಳು. ಬಂಡೆಗೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

“ಮುದ್ದಕ್ಕ” ಅಂತ ಯಾರೋ ಮೆಲ್ಲಗೆ ಕರೆದರು.

ಕತ್ತೆತ್ತಿ ನೋಡಿದಳು. ಬಂಡೆಯ ಮೇಲೆ, ಬೇರು ಗಾಳಿಗೆ ಬಿಟ್ಟುಕೊಂಡು, ಏಳು ದಿನದ ಹಿಂದೆ ಅವಳೇ ಎಸೆದ ಗೋಣಿಸೊಪ್ಪು ಬಿದ್ದಿತ್ತು. ಸತ್ತಿರಲಿಲ್ಲ! ಕಾದ ಕಲ್ಲಿಗೆ ದಂಟು ಸುಟ್ಟು ಕೆಂಪಾಗಿತ್ತು. ನೆಟ್ಟಗೆ ನಿಲ್ಲುತ್ತಿದ್ದ ಗಿಡ ಮೈ ಚಪ್ಪಟೆ ಮಾಡಿಕೊಂಡು ಕಲ್ಲಿಗೆ ಅಂಟಿಕೊಂಡಿತ್ತು. ತೆಳ್ಳಗಿದ್ದ ಎಲೆಗಳು ಮಾತ್ರ ಉಬ್ಬಿ ದಪ್ಪಗಾಗಿದ್ದವು.

“ಅಯ್ಯೋ, ನೀನು ಇನ್ನೂ ಬದುಕಿದ್ದೀಯಾ?” ಅಂದಳು ಮುದ್ದಕ್ಕ. “ಈ ಎಲೇಲಿ ಏನೇ ಇರೋದು?”

“ನೀರು.”

“ಈ ಬಂಡೆ ಮೇಲೆ ನಿನಗೆ ಯಾರು ಕೊಟ್ರು ನೀರು?”

ಬೊಮ್ಮಿ ‘ಅಜ್ಜಿಗೆ ಹೇಳಬೇಡ’ ಅಂತ ಗೋಣಿಸೊಪ್ಪಿನ ಹತ್ತಿರ ಆಣೆ ಹಾಕಿಸಿಕೊಂಡಿದ್ದಳು. ಆದರೆ ಇದು ಆಣೆ ನೋಡುವ ಹೊತ್ತಲ್ಲ.

“ಕೂಸು ಕೊಡ್ತು ಅಕ್ಕ. ದಿನಾ ತನ್ನ ಬುರುಡೇಲಿ ಅರ್ಧಕ್ಕಿಂತ ಜಾಸ್ತಿ ನನ್ನ ಬೇರಿಗೆ ಹುಯ್ದು ಹೋಗ್ತಿತ್ತು. ಬೇಡ ಅಂದ್ರೆ ಕೇಳ್ತಿರಲಿಲ್ಲ. ಅದು ಕೂಸಿನ ಪಾಲಿನ ನೀರು, ಹೆಂಗೆ ಕುಡೀಲಿ? ಉಸಿರು ನಿಲ್ಲೋಕೆ ಎಷ್ಟು ಬೇಕೋ ಅಷ್ಟು ತಗೊಂಡೆ. ಮಿಕ್ಕಿದ್ದನ್ನ ಎಲೇಲಿ ಕಟ್ಟಿ ಇಟ್ಟೆ. ಸೂರ್ಯ ನೋಡಿದ್ರೆ ಹೀರಿಬಿಡ್ತಾನೆ ಅಂತ ಹಿಂಗೆ ಬೋರಲಾಗಿ ಮಲಗಿದೀನಿ. ಬೇಗ ತಗೊಂಡು ಹೋಗು.”

ಮುದ್ದಕ್ಕನಿಗೆ ಕೂಸು ಯಾಕೆ ಬಾಡಿತು ಅಂತ ಈಗ ತಿಳಿಯಿತು. ತಾನು ಎಸೆದದ್ದನ್ನು ಕೂಸು ಕಾಪಾಡಿತ್ತು, ಕೂಸಿನದ್ದನ್ನು ಇದು ಕಾಪಾಡಿತ್ತು.

“ನಿನಗೆ ಬಾಯಾರಲಿಲ್ವೇನೇ?” ಅಂದಳು.

“ಬಾಯಾರ್ತಿತ್ತು ಅಕ್ಕ” ಅಂದಿತು ಗೋಣಿಸೊಪ್ಪು. “ಬೇರು ತೆಗೀಬೇಡ. ಕುಡಿ ಮಾತ್ರ ಚಿವುಟಿಕೋ. ಬೇರು ಇದ್ರೆ ಮತ್ತೆ ಚಿಗುರ್ತೀನಿ.”

ಮುದ್ದಕ್ಕ ಕುಡಿ ಚಿವುಟಿ ಮಡಿಲಿಗೆ ಹಾಕಿಕೊಂಡಳು. ಅವಳ ಕಣ್ಣೀರು ಎಲೆಗಳ ಮೇಲೆ ತೊಟ್ಟಿಕ್ಕಿತು. ಬೇವಿನಮರದ ಕೆಳಗೆ ಓಡಿ, ಕೂಸಿನ ತಲೆ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಎಲೆ ಅಂಗೈಯಲ್ಲಿ ಹಿಸುಕಿ ಒಂದೊಂದೇ ಹನಿ ನಾಲಿಗೆಗೆ ಬಿಟ್ಟಳು. ಮೊದಲ ಹನಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಆಗಲಿಲ್ಲ. ಮಡಿಲಲ್ಲಿದ್ದ ಎಲೆಯಲ್ಲಿ ಅರ್ಧ ಮುಗಿಯಿತು. ಮುದ್ದಕ್ಕನ ಬಾಯಲ್ಲಿ ಕೂಸಿನ ಹೆಸರು ಬಿಟ್ಟರೆ ಬೇರೆ ಇಲ್ಲ.

ಆಮೇಲೆ ಬೊಮ್ಮಿ ತುಟಿ ಚಪ್ಪರಿಸಿದಳು.

“ಉಪ್ಪುಪ್ಪಗೈತೆ ಕಣಜ್ಜಿ” ಅಂದಳು.

ಮುದ್ದಕ್ಕ ಅಳುತ್ತಲೇ ನಕ್ಕಳು. ಸೊಪ್ಪಿಗೆ ಉಪ್ಪು ಬಿದ್ದದ್ದು ಎಲ್ಲಿಂದ ಅಂತ ಅವಳಿಗೆ ಗೊತ್ತಿತ್ತು.

ಇಷ್ಟನ್ನೂ ಮೇಲಿಂದ ಸೂರ್ಯ ನೋಡಿದ. ತಾನು ಬಗ್ಗಿದ್ದರಿಂದ ಏನಾಯಿತು ಅಂತ ಅವನಿಗೆ ಆಗ ತಿಳಿಯಿತು. ನಾಚಿಕೆಯಿಂದ ದೂರ ಸರಿದು ನಿಂತ. ಹೋಗುವ ಮುಂಚೆ ಗೋಣಿಸೊಪ್ಪಿನ ತುದಿಗೆ ತನ್ನ ಬಣ್ಣದ ಒಂದು ಚಿಟಿಕೆ ಇಟ್ಟ. “ದಿನಾ ಬಿಸಿಲೇರಿದಾಗ ಇದನ್ನ ಒಂದು ಗಳಿಗೆ ತೆರೆದು ತೋರಿಸು. ನೀನು ಚೆನ್ನಾಗಿದ್ದೀಯ ಅಂತ ನೋಡಿ ಮುಂದೆ ಹೋಗ್ತೀನಿ” ಅಂದ.

ಸೂರ್ಯ ಸರಿದ ಮೇಲೆ ಗಾಳಿ ಎದ್ದು ಕೂತಿತು, ಮೋಡಗಳಿಗೆ ದಾರಿ ನೆನಪಾಯಿತು. ಮೊದಲ ಮಳೆ ಬಿತ್ತು. ಬೊಮ್ಮಿಯ ಅಪ್ಪ ಅವ್ವ ತೊಯ್ದುಕೊಂಡೇ ಮನೆಗೆ ಬಂದರು. ಅವತ್ತು ಬೇಳೆ ಜೊತೆ ಬೆಂದದ್ದು ಮಡಿಲಲ್ಲಿ ಮಿಕ್ಕಿದ್ದ ಗೋಣಿಸೊಪ್ಪಿನ ಕುಡಿ.

ಮುದ್ದಕ್ಕ ಬಂಡೆ ಮೇಲಿನ ಗಿಡವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹಿತ್ತಿಲಿಗೆ ತಂದಳು. ಎಲ್ಲಕ್ಕಿಂತ ಒಳ್ಳೆಯ ಮಣ್ಣು ಆರಿಸಿ, “ಬಾರವ್ವ, ಇದು ನಿನ್ನ ಪಾತಿ” ಅಂದಳು.

“ಪಾತಿ ಬೇಡಕ್ಕ” ಅಂದಿತು ಗೋಣಿಸೊಪ್ಪು. “ನೀವು ಓಡಾಡೋ ದಾರಿ ಪಕ್ಕ ಸಾಕು. ಕೂಸಿನ ಮಾತು ಕೇಳಿಸ್ತಿರಬೇಕು.”

ಅದಕ್ಕೇ ಮಗೂ, ಈಗಲೂ ಗೋಣಿಸೊಪ್ಪನ್ನು ಯಾರೂ ಬಿತ್ತುವುದಿಲ್ಲ. ಅದೇ ಬಂದು ಕಾಲುದಾರಿಯಲ್ಲಿ ಮಲಗಿರುತ್ತದೆ. ಕಿತ್ತು ಬಿಸಿಲಿಗೆ ಎಸೆದರೂ ಬಾಡದೆ ಒಂದು ಹನಿ ಮಳೆಗೆ ಕಾಯುತ್ತದೆ. ಹಳದಿ ಹೂವು ಬಿಸಿಲೇರಿದಾಗ ಅರಳಿ, ಮಧ್ಯಾಹ್ನ ಕಳೆಯುವುದರೊಳಗೆ ಮುಚ್ಚಿಕೊಳ್ಳುತ್ತದೆ. ನಿನ್ನ ಅಜ್ಜಿ ಹಿತ್ತಿಲಿನ ಕಳೆಯನ್ನೆಲ್ಲ ಕಿತ್ತರೂ ಅದೊಂದರ ಬೇರು ಮುಟ್ಟದೆ ಕುಡಿ ಮಾತ್ರ ಚಿವುಟುತ್ತಾಳೆ, ನೋಡು. ನಾಳೆ ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋಗಿ ಅದರದ್ದೊಂದು ಎಲೆ ಹಿಸುಕು. ಎಂಥ ಉರಿಬಿಸಿಲಲ್ಲೂ ನಿನ್ನ ಬೆರಳಿಗೆ ತಣ್ಣಗೆ ಒಂದು ಹನಿ ಹತ್ತುತ್ತದೆ, ಅದು ಬೊಮ್ಮಿಯ ಪಾಲಿನ ನೀರು, ಇನ್ನೂ ಕಾಯ್ದು ಇಟ್ಟುಕೊಂಡಿದೆ.