ಸೀಲು ಒಡೆಯದ ಜಪಾನಿ ರೆಕಾರ್ಡು

ಮೈಸೂರಿನ ಚಂದ್ರಚೂಡರಾಯರು ತಿಂಗಳ ಪಿಂಚಣಿಯನ್ನೆಲ್ಲ ಸುರಿದು ಜಪಾನಿನಿಂದ ಒಂದು ಗ್ರಾಮಫೋನ್ ರೆಕಾರ್ಡು ತರಿಸಿದರು. ಸುದ್ದಿ ತಿಳಿದದ್ದೇ ತಡ, ಗೆಳೆಯರೆಲ್ಲ ಓಡೋಡಿ ಬಂದರು.

"ಹಾಕಿ ರಾಯರೇ, ಕೇಳೋಣ!"

"ಛೆ ಛೆ! ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದರೆ ಬೆಲೆಯೇ ಬಿದ್ದುಹೋಗುತ್ತೆ. ಇದು ಕೇಳೋದಕ್ಕಲ್ಲ, ಇಟ್ಟುಕೊಳ್ಳೋದಕ್ಕೆ," ಎಂದರು ರಾಯರು.

"ಹಾಗಾದರೆ ಕೊಟ್ಟ ದುಡ್ಡು ದಂಡ," ಎಂದು ಗೆಳೆಯರು ನಕ್ಕರು.

ರಾಯರಿಗೆ ರೇಗಿತು. ಅಡುಗೆಯ ತುಂಗಮ್ಮನನ್ನು ಕೂಗಿ ಕರೆದರು. "ಈ ರೆಕಾರ್ಡು ಕೊಟ್ಟ ದುಡ್ಡಿಗೆ ಮೋಸವಿಲ್ಲ ಅಂತ ಇವರಿಗೆ ಹೇಳು. ಹೇಳದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಅದಕ್ಕೇನಂತೆ, ಹೇಳ್ತೀನಿ. ಮೊದಲು ಹೋಳಿಗೆ ತಿನ್ನಿ," ಎಂದಳು ತುಂಗಮ್ಮ. ಒಳಗಿನಿಂದ ದೊಡ್ಡ ಡಬ್ಬಿ ತಂದು ಎಲ್ಲರ ನಡುವೆ ಇಟ್ಟಳು. ತುಪ್ಪದ ಘಮಕ್ಕೆ ರಾಯರ ಬಾಯಲ್ಲಿ ನೀರೂರಿತು. ಮುಚ್ಚಳಕ್ಕೆ ಕೈ ಹಾಕಿದರು.

"ಅಯ್ಯೋ, ತೆಗೀಬೇಡಿ!" ತುಂಗಮ್ಮ ಅಡ್ಡ ಬಂದಳು. "ಮುಚ್ಚಳ ತೆಗೆದರೆ ಹೋಳಿಗೆಯ ಬೆಲೆ ಬಿದ್ದುಹೋಗುತ್ತೆ. ಡಬ್ಬಿ ನೋಡಿಯೇ ರುಚಿ ಹೇಗಿದೆ ಹೇಳಿ. ಆಮೇಲೆ ನಾನು ರೆಕಾರ್ಡಿನ ವಿಷಯ ಹೇಳ್ತೀನಿ."

ಗೆಳೆಯರು ಬಿದ್ದುಬಿದ್ದು ನಕ್ಕರು. ರಾಯರ ಮುಖ ಕೆಂಪಾಯಿತು. ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ಪರ್ರನೆ ಹೊದಿಕೆ ಹರಿದರು, ರೆಕಾರ್ಡನ್ನು ಗ್ರಾಮಫೋನಿಗೆ ಹಾಕಿ ಮುಳ್ಳು ಇಟ್ಟರು.

ಅಬ್ಬಾ! ಹತ್ತಾರು ಪಿಟೀಲುಗಳು ಒಟ್ಟಿಗೇ ದನಿಯೆತ್ತಿದವು. ಪಕ್ಕದಲ್ಲೇ ಕೂತು ಬಾರಿಸಿದ ಹಾಗಿತ್ತು. ಎಲ್ಲರ ಮೈ ಜುಮ್ಮೆಂದಿತು. ರಾಯರು ಕೂತಲ್ಲೇ ಕುಣಿದಾಡಿದರು.

"ಈಗ ಹೇಳು ತುಂಗಮ್ಮ! ಕೊಟ್ಟ ದುಡ್ಡಿಗೆ ಸರಿಯಾಯಿತೋ ಇಲ್ಲವೋ?"

"ಶ್! ಸ್ವಲ್ಪ ಸುಮ್ಮನಿರಿ ರಾಯರೇ," ಎಂದಳು ತುಂಗಮ್ಮ, "ಕೇಳ್ತಾ ಇದೀನಿ!"